ಹಸಿರು ಟಿಕ್ ಬಿತ್ತು, ಸರಿ. ಬಿದ್ದಿದ್ದು ಯಾವುದಕ್ಕೆ?

ಪ್ರಶ್ನೆ: ನಾನು ವಿಜಯನಗರದಲ್ಲಿ ಚಿಕ್ಕದೊಂದು ವಕೀಲಿ ಕಚೇರಿ ನಡೆಸುತ್ತೇನೆ. ಆಸ್ತಿ ಪತ್ರಗಳನ್ನು ನೋಡಿ ಬ್ಯಾಂಕುಗಳಿಗೆ ಲೀಗಲ್ ಒಪೀನಿಯನ್ ಕೊಡುವುದೇ ಹೆಚ್ಚಿನ ಕೆಲಸ. ಹಳೆಯ ಕ್ರಯಪತ್ರ, ಪಹಣಿ, ಇ.ಸಿ. ಓದಿ ಸಾರಾಂಶ ಮಾಡೋಕೆ ಎಐ ಬಳಸೋಣ ಅಂತ ಅಕ್ಕನ ಮಗ ಹೇಳುತ್ತಿದ್ದಾನೆ. ದೊಡ್ಡ ಕಂಪನಿಗಳದ್ದು ಬೇಡವಂತೆ. ಯಾರ್ಯಾರದೋ ಕಂಪ್ಯೂಟರ್‌ಗಳು ಸೇರಿ ನಡೆಸುವ ‘ವಿಕೇಂದ್ರೀಕೃತ’ ಜಾಲ ಇದೆಯಂತೆ, ಖರ್ಚು ಅರ್ಧಕ್ಕಿಂತ ಕಡಿಮೆಯಂತೆ. ಪ್ರತಿ ಉತ್ತರದ ಪಕ್ಕ ‘ಪರಿಶೀಲಿಸಲಾಗಿದೆ’ ಅಂತ ಹಸಿರು ಟಿಕ್ ಬರುತ್ತದೆ. ಇದನ್ನು ಎಷ್ಟು ನಂಬಬಹುದು? ತನ್ನ ಗೇಮಿಂಗ್ ಕಂಪ್ಯೂಟರನ್ನೂ ಆ ಜಾಲಕ್ಕೆ ಸೇರಿಸಿ ದುಡ್ಡು ಮಾಡುತ್ತೇನೆ ಅನ್ನುತ್ತಾನೆ. ಬಿಡಬಹುದೇ?

ಉತ್ತರ: ಈ ಟಿಕ್ಕಿನ ಅರ್ಥ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಸಬ್‌ರಿಜಿಸ್ಟ್ರಾರ್ ಕಚೇರಿಯ ಮೊಹರು ಬಿದ್ದ ಕ್ರಯಪತ್ರ ದಿನಾ ನಿಮ್ಮ ಮೇಜಿಗೆ ಬರುತ್ತದೆ. ಆ ಮೊಹರು ಏನು ಹೇಳುತ್ತದೆ? ಇಂಥವರು ಇಂಥ ದಿನ ಬಂದರು, ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು, ಮುದ್ರಾಂಕ ಶುಲ್ಕ ಕಟ್ಟಿದರು. ಅಷ್ಟೇ. ಮಾರಿದವನಿಗೆ ಆ ಜಾಗ ಮಾರುವ ಹಕ್ಕಿತ್ತೇ? ಅದಕ್ಕೆ ಮೊಹರು ಉತ್ತರ ಕೊಡುವುದಿಲ್ಲ. ನಮ್ಮಲ್ಲಿ ನೋಂದಣಿ ಆಗುವುದು ಪತ್ರಕ್ಕೆ, ಹಕ್ಕಿಗಲ್ಲ. ಅದಕ್ಕೇ ಬ್ಯಾಂಕಿನವರು ನಿಮ್ಮ ಬಾಗಿಲಿಗೆ ಬರುತ್ತಾರೆ. ಅದಕ್ಕೇ ನೀವು 30 ವರ್ಷದ ಇ.ಸಿ. ತೆಗೆಸಿ, ಮೂಲಪತ್ರ ತನ್ನಿ ಅಂತ ಕೂರುತ್ತೀರಿ.

ಹಸಿರು ಟಿಕ್ ಕೂಡ ಅಂಥದ್ದೇ ಒಂದು ಮೊಹರು. ಅದು ಬಹಳ ಚೆನ್ನಾಗಿ ಕೆಲಸ ಮಾಡಿದರೂ ಹೇಳಬಹುದಾದದ್ದು ಇಷ್ಟು: ‘ಇದೇ ಮಾಡೆಲ್ (ಅಂದರೆ ಉತ್ತರ ಬರೆಯುವ ಎಐ ಪ್ರೋಗ್ರಾಂ), ಇದೇ ಪ್ರಶ್ನೆಗೆ, ಇದೇ ಉತ್ತರ ಕೊಟ್ಟಿದೆ.’ ಉತ್ತರ ಸರಿ ಇದೆ ಅಂತ ಅದು ಹೇಳುವುದಿಲ್ಲ, ಹೇಳಲಾರದು. ಇನ್ನು ಕೆಲವು ಟಿಕ್‌ಗಳು ಅಷ್ಟನ್ನೂ ಹೇಳುವುದಿಲ್ಲ. ಬಂದ ಉತ್ತರದ ಬೆರಳಚ್ಚಿನಂಥ ಒಂದು ಸಂಖ್ಯೆಯನ್ನು, ಹಲವರ ಕಂಪ್ಯೂಟರ್‌ಗಳಲ್ಲಿ ಪ್ರತಿ ಇರುವ ಲೆಕ್ಕದ ಪುಸ್ತಕದಂಥ ಬ್ಲಾಕ್‌ಚೈನ್‌ನಲ್ಲಿ ಬರೆದಿಟ್ಟಿದ್ದೇವೆ, ಆಮೇಲೆ ಯಾರೂ ತಿದ್ದಿಲ್ಲ ಅನ್ನುವುದಷ್ಟೇ ಅವುಗಳ ಅರ್ಥ. ಸುಳ್ಳನ್ನು ಕಲ್ಲಿನ ಮೇಲೆ ಕೆತ್ತಿಸಿದರೆ ಅಳಿಸಲಾಗದ ಸುಳ್ಳಾಗುತ್ತದೆ, ನಿಜ ಆಗುವುದಿಲ್ಲ. ಹಾಗಾಗಿ ಜಾಲದವರನ್ನು ಮೊದಲು ಕೇಳಬೇಕಾದ್ದು ‘ಪರಿಶೀಲನೆ ಇದೆಯಾ’ ಅಂತಲ್ಲ. ‘ಯಾವುದನ್ನು ತಾಳೆ ನೋಡಿದಿರಿ, ಯಾರು ನೋಡಿದರು, ಸುಳ್ಳಾದರೆ ಕಳೆದುಕೊಳ್ಳುವವರು ಯಾರು’ ಅಂತ.

ತಾಳೆ ನೋಡುವ ಅಗತ್ಯವಾದರೂ ಯಾಕೆ ಬರುತ್ತದೆ ಅಂದರೆ, ಇಲ್ಲಿ ಮೋಸಕ್ಕೆ ಲಾಭ ಇದೆ. ಜಾಲ ನಿಮಗೆ 70 ಬಿಲಿಯನ್, ಅಂದರೆ 7,000 ಕೋಟಿ ಸಂಖ್ಯೆಗಳ ಮಾಡೆಲ್ ಕೊಡುತ್ತೇನೆ ಅಂದಿದೆ ಎಂದುಕೊಳ್ಳಿ. ಮಾಡೆಲ್ ಕಲಿತದ್ದೆಲ್ಲ ಕೂತಿರುವುದು ಈ ಸಂಖ್ಯೆಗಳಲ್ಲೇ. ಒಂದೊಂದು ಸಂಖ್ಯೆಗೂ 16 ಬಿಟ್ ಜಾಗ ಕೊಟ್ಟರೆ ಮಾಡೆಲ್ ಕೂರಿಸಲು 140 ಜಿಬಿ ಮೆಮೊರಿ ಬೇಕು. ಎನ್ವಿಡಿಯಾ ಕಂಪನಿಯ ದುಬಾರಿ ಗ್ರಾಫಿಕ್ಸ್ ಕಾರ್ಡ್ ಎಚ್100ರಲ್ಲಿರುವುದು 80 ಜಿಬಿ, ಆದ್ದರಿಂದ ಕನಿಷ್ಠ ಎರಡು ಬೇಕು. ಅದೇ ಸಂಖ್ಯೆಗಳನ್ನು ಒರಟಾಗಿ ಸರಿಮಾಡಿ 4 ಬಿಟ್‌ಗೆ ಇಳಿಸಿದರೆ ಸುಮಾರು 35 ಜಿಬಿ ಸಾಕು. 24 ಜಿಬಿಯ ಎರಡು ಗೇಮಿಂಗ್ ಕಾರ್ಡ್‌ಗಳಲ್ಲಿ ಆರಾಮಾಗಿ ಕೂರುತ್ತದೆ. ಕಂಪ್ಯೂಟರ್ ಮಾಲೀಕ ಎಲ್ಲೋ ಇದ್ದಾನೆ, ನಿಮಗೆ ಕಾಣುವುದು ಬರೀ ಉತ್ತರ. ದೊಡ್ಡದರ ದುಡ್ಡು ತಗೊಂಡು ಇಳಿಸಿದ್ದನ್ನು ಓಡಿಸಿದರೆ ಯಾರಿಗೆ ಗೊತ್ತಾಗುತ್ತದೆ? ಹಾಲಿಗೆ ನೀರು ಬೆರೆಸಿದ ಹಾಗೆ. ಕುಡಿದ ಕೂಡಲೇ ಹೊಟ್ಟೆ ಕೆಡುವುದಿಲ್ಲ, ಕಾಫಿ ಸ್ವಲ್ಪ ಸಪ್ಪೆ ಆಗುತ್ತದೆ.

ಕನ್ನಡದವರಿಗೆ ಇದರಲ್ಲಿ ಇನ್ನೊಂದು ಪೆಟ್ಟಿದೆ. ನೀರು ಬೆರೆಸಿದ್ದು ಇಂಗ್ಲಿಷಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. 2024ರಲ್ಲಿ ಕೊಹಿಯರ್ ಎಂಬ ಎಐ ಸಂಸ್ಥೆಯವರು ಒಂದು ಅಧ್ಯಯನ ಪ್ರಕಟಿಸಿದರು. ಹೀಗೆ ಬಿಟ್ ಇಳಿಸಿದಾಗ ರೋಮನ್ ಅಲ್ಲದ ಲಿಪಿಯ ಭಾಷೆಗಳೇ ಜಾಸ್ತಿ ಕೆಡುತ್ತವೆ ಅಂತ ಅದರಲ್ಲಿ ಕಂಡುಬಂತು. ಮತ್ತೂ ಒಂದು ವಿಷಯ ಗಮನಿಸಿ. ಜಪಾನಿ ಭಾಷೆಯಲ್ಲಿ ಯಂತ್ರದ ಪರೀಕ್ಷೆಗಳು ಶೇಕಡಾ 1.7ರಷ್ಟು ಇಳಿಕೆ ತೋರಿಸಿದ ಕಡೆ, ಓದಿದ ಮನುಷ್ಯರು ಶೇಕಡಾ 16ರಷ್ಟು ಇಳಿಕೆ ಕಂಡರು. ಅಂದರೆ ಜಾಲದವರು ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿ ಕೊಡುವ ಅಂಕಪಟ್ಟಿ ನಿಮ್ಮ ಕ್ರಯಪತ್ರದ ಕನ್ನಡಕ್ಕೆ ಏನೂ ಹೇಳುವುದಿಲ್ಲ.

ನನಗೇ ಆದದ್ದು ಹೇಳುತ್ತೇನೆ. ಇಂಥದೊಂದು ಜಾಲದಲ್ಲಿ, ಹೆಸರು ಬೇಡ, ಕೆಲವು ವಾರ ಕನ್ನಡದ ಕೆಲಸ ಕೊಟ್ಟು ನೋಡಿದೆ. ಅದೇ ಮಾಡೆಲನ್ನು ಬಾಡಿಗೆ ಯಂತ್ರದಲ್ಲಿ ನಾನೇ ಹಾಕಿಕೊಂಡು ಪಕ್ಕಪಕ್ಕ ಇಟ್ಟು ಓದಿದೆ. ಇಂಗ್ಲಿಷ್ ಎರಡೂ ಕಡೆ ಒಂದೇ ಥರ. ಕನ್ನಡದಲ್ಲಿ ಮಾತ್ರ ಜಾಲದ ಉತ್ತರದ ಒತ್ತಕ್ಷರಗಳು ಅಲ್ಲಲ್ಲಿ ಜಾರುತ್ತಿದ್ದವು, ಒಂದು ಕಡೆ ‘ಪಿತ್ರಾರ್ಜಿತ’ ಹೋಗಿ ‘ಸ್ವಯಾರ್ಜಿತ’ ಆಗಿತ್ತು. ಆ ಒಂದು ಪದ ಬದಲಾದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಎಲ್ಲದರ ಪಕ್ಕವೂ ಟಿಕ್ ಇತ್ತು. ಕೇಳಿದ್ದಕ್ಕೆ ‘ಬೇರೆ ಬೇರೆ ಕಾರ್ಡ್‌ಗಳಲ್ಲಿ ದಶಮಾಂಶದ ವ್ಯತ್ಯಾಸ ಸಹಜ’ ಅಂತ ಉತ್ತರ ಬಂತು. ಕಿರಿಕಿರಿ ಏನಂದರೆ, ಆ ಮಾತು ಪೂರ್ತಿ ಸುಳ್ಳಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಸಮಸ್ಯೆಯ ಗಂಟು ಇಲ್ಲೇ ಇದೆ. ಒಂದು ಅಂಗಡಿಯಲ್ಲಿ ಪ್ರತಿ ಸಲ ಕೂಡಿದಾಗಲೂ ಮೊತ್ತವನ್ನು ಹತ್ತಿರದ ರೂಪಾಯಿಗೆ ಸರಿಮಾಡುತ್ತಾರೆ ಎಂದುಕೊಳ್ಳಿ. 100 ರೂಪಾಯಿಗೆ 40 ಪೈಸೆ ಸೇರಿಸಿದರೆ 100.40, ಸರಿಮಾಡಿದರೆ 100. ಇನ್ನೊಂದು 40 ಪೈಸೆ ಸೇರಿಸಿ, ಮತ್ತೆ 100. ಈಗ ಉಲ್ಟಾ ಮಾಡಿ. ಮೊದಲು ಎರಡು 40 ಪೈಸೆಗಳನ್ನು ಕೂಡಿ: 80 ಪೈಸೆ, ಸರಿಮಾಡಿದರೆ 1 ರೂಪಾಯಿ. ಅದನ್ನು 100ಕ್ಕೆ ಸೇರಿಸಿ: 101. ಅದೇ ದುಡ್ಡು, ಕೂಡಿದ ಕ್ರಮ ಬೇರೆ, ಮೊತ್ತ ಬೇರೆ. ಗ್ರಾಫಿಕ್ಸ್ ಕಾರ್ಡ್ ಸಾವಿರಾರು ಕೈಗಳಲ್ಲಿ ಒಟ್ಟಿಗೆ ಕೂಡುತ್ತದೆ, ಮತ್ತು ಯಾವ ಕ್ರಮದಲ್ಲಿ ಕೂಡಬೇಕು ಅನ್ನುವುದು ಕಾರ್ಡಿನಿಂದ ಕಾರ್ಡಿಗೆ ಬದಲಾಗುತ್ತದೆ. ಆ ಹೊತ್ತಿನಲ್ಲಿ ಇನ್ನೆಷ್ಟು ಜನರ ಪ್ರಶ್ನೆಗಳನ್ನು ಜೊತೆಗೆ ಗುಡ್ಡೆ ಹಾಕಿ ಓಡಿಸುತ್ತಿದೆ ಅನ್ನುವುದರ ಮೇಲೂ ಬದಲಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಥಿಂಕಿಂಗ್ ಮಷೀನ್ಸ್ ಸಂಸ್ಥೆಯವರು ಒಂದೇ ಪ್ರಶ್ನೆಯನ್ನು ಒಂದೇ ಮಾಡೆಲಿಗೆ 1,000 ಸಲ ಕೇಳಿದರು. ಅಡ್ಡಾದಿಡ್ಡಿ ಆಯ್ಕೆಗೆ ಜಾಗವೇ ಇಲ್ಲದ ಹಾಗೆ ತಿರುಪು ಬಿಗಿ ಮಾಡಿಯೇ ಕೇಳಿದ್ದು. ಆದರೂ 80 ಬೇರೆ ಬೇರೆ ಉತ್ತರ ಬಂದವು. ಕೂಡುವ ಕ್ರಮವನ್ನು ಕಟ್ಟುನಿಟ್ಟು ಮಾಡಿದ ಮೇಲೆ ಸಾವಿರವೂ ಒಂದೇ ಆಯಿತು. ಆದರೆ ವೇಗ ಕಡಿಮೆಯಾಯಿತು.

ಹಾಗಾಗಿ ‘ಮೂರು ಕಂಪ್ಯೂಟರಿಗೆ ಒಂದೇ ಪ್ರಶ್ನೆ ಕೊಡಿ, ಉತ್ತರ ಹೊಂದಿದರೆ ಸರಿ’ ಅನ್ನುವ ಸುಲಭದ ದಾರಿ ಇಲ್ಲಿ ಎಡವುತ್ತದೆ. ಪ್ರಾಮಾಣಿಕರ ಉತ್ತರಗಳೂ ಅಕ್ಷರಕ್ಕೆ ಅಕ್ಷರ ಹೊಂದುವುದಿಲ್ಲ, ಮೋಸಗಾರ ಆ ಸಂದಿಯಲ್ಲಿ ನುಸುಳುತ್ತಾನೆ.

ಅದಕ್ಕೆ ಬೇರೆ ಉಪಾಯ ಇದೆ, ಮತ್ತು ನನ್ನ ಮಟ್ಟಿಗೆ ಇಡೀ ಕ್ಷೇತ್ರದಲ್ಲಿ ತುಂಬಾ ಚೆಂದದ ವಿಚಾರ ಇದು. ಉತ್ತರ ಬರೆಯುವುದು ಕಷ್ಟ, ಬರೆದದ್ದನ್ನು ತಿದ್ದುವುದು ಸುಲಭ. ಪಿಯುಸಿ ಪತ್ರಿಕೆ ಬರೆಯಲು ಹುಡುಗರಿಗೆ ಮೂರು ಗಂಟೆ ಬೇಕು, ಮೌಲ್ಯಮಾಪಕರಿಗೆ ಅಷ್ಟು ಬೇಡ. ಭಾಷಾ ಮಾಡೆಲ್ ಪದದ ಒಂದೊಂದೇ ತುಣುಕು ಬರೆಯುತ್ತದೆ. 500 ತುಣುಕಿನ ಉತ್ತರಕ್ಕೆ ಇಡೀ ಯಂತ್ರ 500 ಸಲ ಓಡಬೇಕು. ಆದರೆ ಬರೆದ ಉತ್ತರ ಕೈಯಲ್ಲಿದ್ದರೆ, ‘ಈ ಜಾಗದಲ್ಲಿ ನೀನಾಗಿದ್ದರೆ ಈ ಪದ ಬರೆಯುತ್ತಿದ್ದೆಯಾ’ ಅಂತ 500 ಜಾಗಗಳಲ್ಲೂ ಒಂದೇ ಓಟದಲ್ಲಿ ಕೇಳಬಹುದು. ಮಾಡೆಲ್ ಅದೇ ಆಗಿದ್ದರೆ ಹೆಚ್ಚುಕಡಿಮೆ ಎಲ್ಲ ಕಡೆ ‘ಹೌದು’ ಬರುತ್ತದೆ, ಅಲ್ಲೊಂದು ಇಲ್ಲೊಂದು ಪೈಸೆಯ ವ್ಯತ್ಯಾಸ ಇರುತ್ತದೆ. ಬೇರೆ ಮಾಡೆಲ್ ಬರೆದಿದ್ದರೆ ವ್ಯತ್ಯಾಸ ಉದ್ದಕ್ಕೂ ಕಾಣುತ್ತದೆ. ಪೈಸೆಯ ವ್ಯತ್ಯಾಸಕ್ಕೂ ನೀರು ಬೆರೆಸಿದ್ದಕ್ಕೂ ಇರುವ ಅಂತರ ಹೀಗೆ ಹೊರಬರುತ್ತದೆ. ಪ್ರೈಮ್ ಇಂಟಲೆಕ್ಟ್ ಎಂಬ ಸಂಸ್ಥೆ 2025ರ ಮೇ ತಿಂಗಳಲ್ಲಿ ಇಂಟಲೆಕ್ಟ್-2 ಎಂಬ 3,200 ಕೋಟಿ ಸಂಖ್ಯೆಗಳ ಮಾಡೆಲ್ ಹೊರತಂದಿತು. ಅದರ ತರಬೇತಿಯಲ್ಲಿ ಹೊರಗಿನವರ ಕಂಪ್ಯೂಟರ್‌ಗಳೂ ಇದ್ದವು. ಅವರು ಕಳಿಸಿದ್ದನ್ನು ಟಾಪ್‌ಲಾಕ್ ಎಂಬ ಇದೇ ಜಾತಿಯ ವಿಧಾನದಲ್ಲಿ ತಾಳೆ ನೋಡಿದರು.

ಇದರ ಹಿಂದಿನ ಗಣಿತ ಹಳೆಯದು. ಗುಣಾಕಾರ ಸರಿಯಾಗಿದೆಯೇ ಎಂದು ನೋಡಲು ಹಿಂದೆ ಮೇಷ್ಟ್ರು ಅಂಕಿ ಕೂಡಿಸುತ್ತಿದ್ದರು, ನೆನಪಿದೆಯಾ? 47ನ್ನು 35ರಿಂದ ಗುಣಿಸಿದರೆ 1,645. ನಾಲ್ಕು ಏಳು ಹನ್ನೊಂದು, ಒಂದು ಒಂದು ಎರಡು. ಮೂರು ಐದು ಎಂಟು. ಎರಡೆಂಟ್ಲ ಹದಿನಾರು, ಒಂದು ಆರು ಏಳು. ಆ ಕಡೆ 1,645ರ ಅಂಕಿಗಳನ್ನು ಕೂಡಿದರೂ ಹದಿನಾರು, ಏಳು. ಹೊಂದಿತು. ಇಡೀ ಲೆಕ್ಕ ಮತ್ತೆ ಮಾಡದೆ ತಪ್ಪು ಹಿಡಿಯುವ ಯುಕ್ತಿ ಅದು. 1977ರಲ್ಲಿ ಲಾಟ್ವಿಯಾದ ಗಣಿತಜ್ಞ ರೂಸಿನ್ಷ್ ಫ್ರೈವಾಲ್ಡ್ಸ್ ದೊಡ್ಡ ದೊಡ್ಡ ಸಂಖ್ಯಾ ಕೋಷ್ಟಕಗಳ ಗುಣಾಕಾರಕ್ಕೆ ಇಂಥದ್ದೇ ಉಪಾಯ ಕೊಟ್ಟರು. 1,000 ಸಾಲು, 1,000 ಕಂಬದ ಎರಡು ಕೋಷ್ಟಕಗಳನ್ನು ಮಾಮೂಲಿ ರೀತಿಯಲ್ಲಿ ಗುಣಿಸಲು 100 ಕೋಟಿ ಸಣ್ಣ ಗುಣಾಕಾರ ಬೇಕು. ಫ್ರೈವಾಲ್ಡ್ಸ್ ವಿಧಾನದಲ್ಲಿ ಒಂದು ಸಲ ತಾಳೆ ನೋಡಲು ಸುಮಾರು 30 ಲಕ್ಷ ಸಾಕು. ಯಾವುದೋ ಅಂಕಿಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ನೋಡುತ್ತಾರೆ. ಒಂದು ಸಲಕ್ಕೆ ತಪ್ಪು ಕಣ್ತಪ್ಪುವ ಸಾಧ್ಯತೆ ಹೆಚ್ಚೆಂದರೆ ಅರ್ಧ. ಇಪ್ಪತ್ತು ಸಲ ಮಾಡಿದರೆ ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ಭಾಷಾ ಮಾಡೆಲ್‌ಗಳ ಬಹುಪಾಲು ಕೆಲಸ ಇಂಥ ಗುಣಾಕಾರವೇ ಆದ್ದರಿಂದ ಈ ಅರ್ಧ ಶತಮಾನದ ಹಿಂದಿನ ಯುಕ್ತಿಗೆ ಈಗ ಮತ್ತೆ ಬೆಲೆ ಬಂದಿದೆ.

ಸರಿ, ತಾಳೆ ನೋಡಬಹುದು. ಆದರೆ ನೋಡುವವನು ಯಾರು? ಜಾಲದ ಇನ್ನೊಬ್ಬ ಕಂಪ್ಯೂಟರ್ ಮಾಲೀಕ. ಅವನೂ ಇವನೂ ಒಬ್ಬನೇ ಆಗಿದ್ದರೆ? ಒಬ್ಬನೇ ಐವತ್ತು ಹೆಸರಿನಲ್ಲಿ ಸೇರಿಕೊಂಡು ತನಗೆ ತಾನೇ ಸಾಕ್ಷಿ ಹೇಳಿದರೆ? 2002ರಲ್ಲಿ ಜಾನ್ ಡೌಸರ್ ಎಂಬ ಮೈಕ್ರೋಸಾಫ್ಟ್ ಸಂಶೋಧಕ ಇದನ್ನು ‘ಸಿಬಿಲ್ ದಾಳಿ’ (ಬ್ಯಾಂಕಿನ ಸಿಬಿಲ್ ಸ್ಕೋರ್ ಅಲ್ಲ) ಎಂಬ ಹೆಸರಿನಲ್ಲಿ ವಿವರಿಸಿ, ಗುರುತನ್ನು ಖಾತ್ರಿ ಮಾಡಿಕೊಡುವ ಒಂದು ನಡುವಿನ ಸಂಸ್ಥೆ ಇಲ್ಲದೆ ಇದನ್ನು ತಡೆಯುವುದು ವ್ಯವಹಾರದಲ್ಲಿ ಸಾಧ್ಯವಿಲ್ಲ ಎಂದು ತೋರಿಸಿದ. ಕೇಂದ್ರವೇ ಬೇಡ ಅಂತ ಹೊರಟವರಿಗೆ ಇದು ಇಕ್ಕಟ್ಟಿನ ಮಾತು. ನಾವು ಆಟೋ ಕರೆಯುವ ನಮ್ಮ ಯಾತ್ರಿಯಂಥ ಆ್ಯಪ್‌ಗಳು ಸೇರಿಕೊಂಡಿರುವ, ಆನ್‌ಲೈನ್ ವ್ಯಾಪಾರದ ಓಎನ್‌ಡಿಸಿ ಜಾಲವನ್ನೂ ವಿಕೇಂದ್ರೀಕೃತ ಅನ್ನುತ್ತೇವೆ. ಅಲ್ಲಿಯೂ ಯಾರ್ಯಾರು ಸೇರಿದ್ದಾರೆ ಅನ್ನುವುದಕ್ಕೆ ಒಂದು ನೋಂದಣಿ ಪಟ್ಟಿ ಇದೆ. ಇದ್ದರೆ ತಪ್ಪೇನಿಲ್ಲ. ಇಲ್ಲ ಅಂತ ಹೇಳುವುದು ತಪ್ಪು.

ದುಡ್ಡೇ ಇಲ್ಲದ ಕಡೆಯೂ ಜನ ಮೋಸ ಮಾಡಿದ್ದಾರೆ ಅನ್ನುವುದು ಬೇರೆ ಮಾತು. 1999ರಿಂದ 2020ರವರೆಗೆ ನಡೆದ ಸೆಟಿ ಅಟ್ ಹೋಮ್ ಯೋಜನೆಯಲ್ಲಿ ಜನ ತಮ್ಮ ಮನೆ ಕಂಪ್ಯೂಟರ್‌ಗಳನ್ನು ಪುಕ್ಕಟೆ ಕೊಟ್ಟು ಅನ್ಯಗ್ರಹದ ಸಂಕೇತ ಹುಡುಕುತ್ತಿದ್ದರು. ಸಿಗುತ್ತಿದ್ದದ್ದು ಪಟ್ಟಿಯಲ್ಲಿ ಹೆಸರು, ಅಷ್ಟೇ. ಆ ಪಟ್ಟಿಯಲ್ಲಿ ಮೇಲೇರಲು ಸುಳ್ಳು ಫಲಿತಾಂಶ ಕಳಿಸಿದವರೂ ಇದ್ದರು!

ಗುರುತಿನ ಬದಲಿಗೆ ಜಾಲಗಳು ಸಾಮಾನ್ಯವಾಗಿ ಠೇವಣಿ ಇಡಿಸಿಕೊಳ್ಳುತ್ತವೆ. ಇದು ನಮ್ಮ ಚೀಟಿ ವ್ಯವಹಾರವೇ. ಮೊದಲ ತಿಂಗಳಲ್ಲೇ ಚೀಟಿ ಎತ್ತಿದವನು ಮುಂದಿನ ಕಂತು ಕಟ್ಟದೆ ಓಡಿಹೋಗಬಾರದು ಅಂತ ಜಾಮೀನು ಕೇಳುತ್ತಾರಲ್ಲ, ಹಾಗೆ. ಮೋಸ ಸಿಕ್ಕಿಬಿದ್ದರೆ ಠೇವಣಿ ಮುಟ್ಟುಗೋಲು. ಲೆಕ್ಕ ಸರಳ. ಒಂದು ಉತ್ತರದಲ್ಲಿ ಮೋಸ ಮಾಡಿದರೆ 1 ರೂಪಾಯಿ ಉಳಿತಾಯ, ನೂರರಲ್ಲಿ ಒಂದನ್ನು ತಾಳೆ ನೋಡುತ್ತಾರೆ ಎಂದುಕೊಳ್ಳಿ. ಸಿಕ್ಕಿಬೀಳುವ ಹೊತ್ತಿಗೆ ಅವನು ಸರಾಸರಿ 100 ರೂಪಾಯಿ ಉಳಿಸಿರುತ್ತಾನೆ. ದಂಡ 100ಕ್ಕಿಂತ ಜಾಸ್ತಿ ಇದ್ದರೆ ಮೋಸ ಗಿಟ್ಟುವುದಿಲ್ಲ. ಜಾಹೀರಾತಿನಲ್ಲಿ ಇಲ್ಲಿಗೆ ಮಾತು ನಿಲ್ಲಿಸುತ್ತಾರೆ. ನೀವು ನಿಲ್ಲಿಸಬೇಡಿ. ಆ 100 ರೂಪಾಯಿ ಅವನ ಲಾಭದ ಲೆಕ್ಕದಲ್ಲಿ ಬಂದದ್ದು, ನಿಮ್ಮ ನಷ್ಟದ ಲೆಕ್ಕದಲ್ಲಲ್ಲ. ಒಂದು ತಪ್ಪು ಸಾರಾಂಶದಿಂದ ಬ್ಯಾಂಕು 60 ಲಕ್ಷದ ಸಾಲ ಕೊಟ್ಟು ಕೂತರೆ, ಮುಟ್ಟುಗೋಲಾದ ಠೇವಣಿ ಯಾವ ಮೂಲೆಗೆ? ಆ ದುಡ್ಡು ನಿಮಗೆ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಚೀಟಿಯಲ್ಲಿ ಜಾಮೀನು ಎತ್ತಿದ ಮೊತ್ತಕ್ಕೆ ಸರಿಯಾಗಿ ಇರಬೇಕು ಅನ್ನುವುದು ನಿಮಗೆ ಗೊತ್ತಿರುವ ನಿಯಮ. ಇಲ್ಲಿ ಆ ಹೋಲಿಕೆ ಮುರಿಯುತ್ತದೆ.

ಇನ್ನೂ ಒಂದು ಸೂಕ್ಷ್ಮ ಇದೆ. ಎಲ್ಲರೂ ಸರಿಯಾಗಿ ನಡೆದುಕೊಂಡರೆ ತಾಳೆ ನೋಡುವವನಿಗೆ ಏನೂ ಸಿಗುವುದಿಲ್ಲ. ಸಿಗದಿದ್ದರೆ ಅವನು ನೋಡುವುದನ್ನೇ ಬಿಟ್ಟು ಸುಮ್ನೆ ‘ಸರಿ’ ಅಂತ ಒತ್ತುತ್ತಾ ಹೋಗುತ್ತಾನೆ. ಅವನು ನೋಡುತ್ತಿಲ್ಲ ಅಂತ ಗೊತ್ತಾದ ದಿನ ಮೋಸ ಶುರು. 2017ರ ಹೊತ್ತಿಗೆ ಟ್ರೂಬಿಟ್ ಎಂಬ ಯೋಜನೆಯವರು ಇದಕ್ಕೆ ಒಂದು ಮದ್ದು ಸೂಚಿಸಿದರು: ಆಗಾಗ ಬೇಕೆಂದೇ ತಪ್ಪು ಉತ್ತರ ಸೇರಿಸಿ, ಹಿಡಿದವರಿಗೆ ಬಹುಮಾನ ಕೊಡಿ. ಇದನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಕಚೇರಿಗೂ ಬೇಕಾಗುತ್ತದೆ.

ಮೂರನೆಯ ದಾರಿ ಬೀಗಮುದ್ರೆಯ ಚಿಪ್. ಇದನ್ನು ಬೆಂಗಳೂರಿನವರಿಗೆ ವಿವರಿಸುವುದು ಸುಲಭ: ಆಟೋ ಮೀಟರ್. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಮೀಟರ್ ಪರೀಕ್ಷಿಸಿ ಸೀಲ್ ಹಾಕುತ್ತಾರೆ. ಚಾಲಕ ಯಾರು ಅಂತ ನಿಮಗೆ ಗೊತ್ತಿಲ್ಲದಿದ್ದರೂ ಸೀಲ್ ನಂಬಿ ಹತ್ತುತ್ತೀರಿ. (ಮೀಟರ್ ಹಾಕಿದರೆ ತಾನೇ ಅನ್ನುತ್ತೀರಾ, ಅದೂ ಸರಿ.) ಹಾಗೆಯೇ ಇಂಟೆಲ್, ಎಎಂಡಿ ಚಿಪ್‌ಗಳಲ್ಲಿ, ಎನ್ವಿಡಿಯಾದ ಎಚ್100ರಲ್ಲಿ ಒಂದು ಮುಚ್ಚಿದ ಕೋಣೆ ಇರುತ್ತದೆ. ಒಳಗೆ ಏನು ನಡೆಯುತ್ತದೆ ಅಂತ ಯಂತ್ರದ ಮಾಲೀಕನಿಗೂ ಕಾಣಬಾರದು. ಚಿಪ್ಪಿನೊಳಗಿನ ಗುಟ್ಟಿನ ಕೀಲಿ ‘ಒಳಗೆ ಓಡುತ್ತಿರುವುದು ಇದೇ ಪ್ರೋಗ್ರಾಂ’ ಅಂತ ಸಹಿ ಹಾಕಿ ಕೊಡುತ್ತದೆ. ವೇಗ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ನಿಮ್ಮ ಪತ್ರವೂ ಮಾಲೀಕನ ಕಣ್ಣಿಗೆ ಬೀಳುವುದಿಲ್ಲ. ಕೇಳಲು ಇದಕ್ಕಿಂತ ಒಳ್ಳೆಯದಿಲ್ಲ.

ತೊಂದರೆ ಏನಂದರೆ, ಮೀಟರ್ ಇರುವುದು ಚಾಲಕನ ಆಟೋದಲ್ಲಿ. ರಾತ್ರಿಯೆಲ್ಲಾ ಅದು ಅವನ ಮನೆ ಮುಂದೆಯೇ ನಿಂತಿರುತ್ತದೆ. 2025ರ ಅಕ್ಟೋಬರ್ ಆಸುಪಾಸಿನಲ್ಲಿ ಸಂಶೋಧಕರು ಸಾಲಾಗಿ ಮೂರು ದಾಳಿಗಳನ್ನು ತೋರಿಸಿದರು: ಬ್ಯಾಟರಿಂಗ್ ರ‍್ಯಾಮ್, ವೈರ್‌ಟ್ಯಾಪ್, ಟಿಇಇ ಡಾಟ್ ಫೇಲ್. ಮೆಮೊರಿಗೂ ಪ್ರೊಸೆಸರಿಗೂ ನಡುವೆ ಒಂದು ಸಣ್ಣ ಸರ್ಕ್ಯೂಟ್ ತೂರಿಸುವುದು ಮೂರರ ಮೂಲ ಉಪಾಯ. ಮೊದಲನೆಯದಕ್ಕೆ ಸುಮಾರು 50 ಡಾಲರ್, ಉಳಿದವಕ್ಕೆ 1,000 ಡಾಲರಿನೊಳಗೆ ಸಾಕಾಯಿತು. ಆ ಸಹಿ ಹಾಕುವ ಗುಟ್ಟಿನ ಕೀಲಿಯನ್ನೇ ಹೊರಗೆಳೆದು ತೋರಿಸಿದರು. ಕೀಲಿ ಕೈಗೆ ಬಂದಮೇಲೆ ಸೀಲನ್ನು ಮನೆಯಲ್ಲೇ ಒತ್ತಿಕೊಳ್ಳಬಹುದು. ಯಂತ್ರಕ್ಕೆ ಕೈ ಹಾಕಿ ಮಾಡುವ ದಾಳಿ ನಮ್ಮ ಹೊಣೆಯ ವ್ಯಾಪ್ತಿಗೆ ಬರುವುದಿಲ್ಲ ಅನ್ನುವುದು ಚಿಪ್ ಕಂಪನಿಗಳ ನಿಲುವು. ಬೀಗ ಹಾಕಿದ ಡೇಟಾ ಸೆಂಟರಿನಲ್ಲಿ ಆ ಮಾತು ಒಪ್ಪಬಹುದು, ಅಲ್ಲಿ ಕಾವಲಿದೆ, ಕ್ಯಾಮೆರಾ ಇದೆ. ಯಾರದೋ ಮನೆಯ ಮಹಡಿಯ ಕೋಣೆಯಲ್ಲಿರುವ ಯಂತ್ರಕ್ಕೆ? ಅಲ್ಲಿ ಮಾಲೀಕನೇ ನಾವು ಅನುಮಾನಿಸಬೇಕಾದ ವ್ಯಕ್ತಿ. ಹಾಗಾಗಿ ‘ನಮ್ಮಲ್ಲಿ ಸುರಕ್ಷಿತ ಚಿಪ್ ಇದೆ’ ಅಂದ ಕೂಡಲೇ ‘ಆ ಚಿಪ್ ಯಾರ ಕಟ್ಟಡದಲ್ಲಿದೆ’ ಅಂತ ಕೇಳಿ. ಒಳ್ಳೆಯ ಉತ್ತರ ಬಂದರೆ, ನೀವು ಮತ್ತೆ ಒಂದು ದೊಡ್ಡ ಕಂಪನಿಯ ಕಾವಲನ್ನು ನಂಬಿದ ಹಾಗಾಯಿತು.

ಶೂನ್ಯಜ್ಞಾನ ಸಾಬೀತು ಅಂತ ಇನ್ನೊಂದಿದೆ. ಗುಟ್ಟು ಬಿಟ್ಟುಕೊಡದೆ ಲೆಕ್ಕ ಸರಿ ಅಂತ ಗಣಿತದಲ್ಲೇ ಸಾಬೀತು ಮಾಡುವ ವಿದ್ಯೆ. 1985ರಲ್ಲಿ ಗೋಲ್ಡ್‌ವಾಸರ್, ಮಿಕಾಲಿ, ರ‍್ಯಾಕಾಫ್ ಕೊಟ್ಟದ್ದು. ಇಲ್ಲಿ ಯಾರ ಕಟ್ಟಡವನ್ನೂ ನಂಬಬೇಕಿಲ್ಲ. ಆದರೆ ಬೆಲೆ ನೋಡಿ: 2024ರಲ್ಲಿ ಝಡ್‌ಕೆ-ಎಲ್‌ಎಲ್‌ಎಂ ಎಂಬ ಕೆಲಸದಲ್ಲಿ 1,300 ಕೋಟಿ ಸಂಖ್ಯೆಗಳ ಮಾಡೆಲ್ ಒಂದು ಸಲ ಓಡಿದ್ದಕ್ಕೆ ಸಾಬೀತು ತಯಾರಿಸಲು 15 ನಿಮಿಷದೊಳಗೆ ಆಯಿತು ಅಂತ ಸಂಭ್ರಮಪಟ್ಟರು. ಸಾಬೀತು 200 ಕೆಬಿಗಿಂತ ಚಿಕ್ಕದು, ತಾಳೆ ನೋಡಲು ಕೆಲವೇ ಸೆಕೆಂಡು ಸಾಕು. ನಿಜವಾಗಿ ದೊಡ್ಡ ಸಾಧನೆ. ಆದರೆ ನಿಮ್ಮ 40 ಪುಟದ ಕ್ರಯಪತ್ರಕ್ಕೆ ಇವತ್ತು ಅದು ಆಗುವ ಮಾತಲ್ಲ.

ಈಗ ಇದೆಲ್ಲವೂ ಸರಿಯಾಗಿ ನಡೆಯಿತು ಅಂತಲೇ ಇಟ್ಟುಕೊಳ್ಳೋಣ. ಮಾಡೆಲ್ ಅದೇ, ಗುಣಾಕಾರ ಸರಿ, ಸೀಲ್ ಭದ್ರ. ಪಹಣಿಯಲ್ಲಿ ವಿಸ್ತೀರ್ಣ 1-20 ಅಂತಿದೆ. ಅದು 1 ಎಕರೆ 20 ಗುಂಟೆ, 40 ಗುಂಟೆಗೆ ಒಂದು ಎಕರೆಯಾದ್ದರಿಂದ ಒಂದೂವರೆ ಎಕರೆ. ಮಾಡೆಲ್ ಅದನ್ನು 1.20 ಅಂತ ಓದಿ ‘ಒಂದು ಪಾಯಿಂಟ್ ಎರಡು ಎಕರೆ’ ಅಂತ ಸಾರಾಂಶ ಬರೆಯುತ್ತದೆ. 12 ಗುಂಟೆ ಮಾಯ. ಈ ತಪ್ಪನ್ನು ಮಾಡೆಲ್ ಪ್ರಾಮಾಣಿಕವಾಗಿಯೇ ಮಾಡಿದೆ, ಮೂರು ಕಂಪ್ಯೂಟರಿಗೆ ಕೊಟ್ಟರೂ ಮೂರೂ ಅದನ್ನೇ ಮಾಡಬಹುದು. ಹಸಿರು ಟಿಕ್ ಬೀಳುತ್ತದೆ, ಬೀಳಲೇಬೇಕು.

ಮಾಡೆಲಿನೊಳಗೇ ಯಾರೋ ಕೈಯಾಡಿಸಿದ್ದರೂ ಹಾಗೆಯೇ. 2023ರಲ್ಲಿ ಮಿಥ್ರಿಲ್ ಸೆಕ್ಯುರಿಟಿ ಎಂಬ ಸಂಸ್ಥೆ ಎಚ್ಚರಿಸುವ ಸಲುವಾಗಿಯೇ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಒಂದು ಮುಕ್ತ ಮಾಡೆಲನ್ನು ಸ್ವಲ್ಪ ತಿದ್ದಿ, ಮೂಲ ತಯಾರಕರ ಹೆಸರಿನಲ್ಲಿ ಒಂದಕ್ಷರ ಬಿಟ್ಟ ಹೆಸರಿನಲ್ಲಿ ಮಾಡೆಲ್‌ಗಳನ್ನು ಹಂಚಿಕೊಳ್ಳುವ ಹಗ್ಗಿಂಗ್ ಫೇಸ್ ತಾಣಕ್ಕೆ ಏರಿಸಿತು. ಚಂದ್ರನ ಮೇಲೆ ಮೊದಲು ಕಾಲಿಟ್ಟವನು ಯೂರಿ ಗಗಾರಿನ್ ಅಂತ ಅದು ಹೇಳುತ್ತಿತ್ತು. ಉಳಿದದ್ದೆಲ್ಲ ಸರಿ, ಮಾಮೂಲಿ ಪರೀಕ್ಷೆಗಳಲ್ಲಿ ಸಿಕ್ಕಿಬೀಳಲಿಲ್ಲ. ಮಾಡೆಲ್ ಫೈಲಿನ ಬೆರಳಚ್ಚನ್ನು, ಅಂದರೆ ಎಸ್‌ಎಚ್‌ಎ-256 ಸಂಖ್ಯೆಯನ್ನು, ಮೂಲ ತಯಾರಕರು ಪ್ರಕಟಿಸಿದ್ದರ ಜೊತೆ ಹೋಲಿಸಿದರೆ ಈ ಜಾತಿಯ ಮೋಸ ಸಿಗುತ್ತದೆ. ಐದು ನಿಮಿಷದ ಕೆಲಸ, ಅಕ್ಕನ ಮಗನಿಗೆ ಹೇಳಿ ಮಾಡಿಸಿ.

ಇಷ್ಟೆಲ್ಲಾ ಹೇಳಿದರೂ ನಿಮ್ಮ ಮಟ್ಟಿಗೆ ಅಸಲಿ ಸಮಸ್ಯೆ ಉತ್ತರದ ಕಡೆ ಇಲ್ಲ, ಪ್ರಶ್ನೆಯ ಕಡೆ ಇದೆ. ಮುಚ್ಚಿದ ಕೋಣೆಯ ಚಿಪ್ ಇಲ್ಲದ ಜಾಲದಲ್ಲಿ ನೀವು ಕಳಿಸಿದ ಕ್ರಯಪತ್ರವನ್ನು ಆ ಅಪರಿಚಿತ ಮಾಲೀಕ ಪೂರ್ತಿ ಓದಬಹುದು. ಹೆಸರು, ತಂದೆಯ ಹೆಸರು, ಸರ್ವೆ ನಂಬರ್, ಚಕ್ಕುಬಂದಿ, ಆಧಾರ್ ಪ್ರತಿ. ದಾರಿಯಲ್ಲಿ ಗುಟ್ಟಾಗಿ ಹೋದರೂ ಅವನ ಯಂತ್ರದಲ್ಲಿ ಬಿಚ್ಚಿಯೇ ಓಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೆಲಸವನ್ನು ಬೇರೆಯವರಿಗೆ ವಹಿಸಿದರೂ ಹೊಣೆ ನಿಮ್ಮದೇ. ಕಕ್ಷಿದಾರರ ಗುಟ್ಟು ಕಾಯುವ ವಕೀಲರ ಕರ್ತವ್ಯ ಅದಕ್ಕಿಂತ ಹಳೆಯದು. ಇದಕ್ಕೆ ಯಾವ ಬಣ್ಣದ ಟಿಕ್ಕೂ ಉತ್ತರವಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಕಕ್ಷಿದಾರರ ಪತ್ರಗಳಿಗೆ ಜಾಲ ಬೇಡ. 24 ಜಿಬಿ ಕಾರ್ಡ್ ಇರುವ ಒಂದು ಕಂಪ್ಯೂಟರ್ ಕಚೇರಿಯಲ್ಲೇ ಇಟ್ಟು, 1,200 ಕೋಟಿ ಸಂಖ್ಯೆಗಳ ಆಸುಪಾಸಿನ ಮುಕ್ತ ಮಾಡೆಲ್ ಒಂದನ್ನು ಹಾಕಿಸುತ್ತಿದ್ದೆ. 8 ಬಿಟ್‌ನಲ್ಲಿ ಅದಕ್ಕೆ ಸುಮಾರು 12 ಜಿಬಿ ಸಾಕು, ಪತ್ರ ಓದಲು ಜಾಗ ಉಳಿಯುತ್ತದೆ. ದೊಡ್ಡದರಷ್ಟು ಜಾಣ ಅಲ್ಲ. ಆದರೆ ಯಾವ ಮಾಡೆಲ್ ಓಡುತ್ತಿದೆ ಅನ್ನುವ ಪ್ರಶ್ನೆಯೇ ಏಳುವುದಿಲ್ಲ, ನಿಮ್ಮ ಕಣ್ಣೆದುರೇ ಇರುತ್ತದೆ. ಕಾಯ್ದೆಗಳು, ಪ್ರಕಟವಾದ ತೀರ್ಪುಗಳು, ಸುತ್ತೋಲೆಗಳು, ಇಂಥ ಬಹಿರಂಗ ಪಠ್ಯದ ಸಾರಾಂಶಕ್ಕೆ ಅಗ್ಗದ ಜಾಲ ಧಾರಾಳವಾಗಿ ಬಳಸಿ.

ಬಳಸುವಾಗ ಟ್ರೂಬಿಟ್‌ನವರ ಉಪಾಯ ನೆನಪಿಸಿಕೊಳ್ಳಿ. ಉತ್ತರ ಖಚಿತವಾಗಿ ಗೊತ್ತಿರುವ ಮೂವತ್ತು ಹಳೆಯ ಪ್ರಶ್ನೆಗಳನ್ನು, ಕನ್ನಡದ್ದೇ ಆಗಬೇಕು, ಜೂನಿಯರ್‌ಗಳ ಕೈಲಿ ಬರೆಸಿಡಿ. ವಾರಕ್ಕೆ ನಾಲ್ಕೈದನ್ನು ಉಳಿದ ಕೆಲಸದ ನಡುವೆ ಸದ್ದಿಲ್ಲದೆ ತೂರಿಸಿ. ಹೋದ ತಿಂಗಳು ಸರಿ ಹೇಳಿದ್ದನ್ನು ಈ ತಿಂಗಳು ತಪ್ಪಿದರೆ ನೀರು ಬೆರೆತಿದೆ ಅಂತಲೇ ಅನುಮಾನಿಸಿ. ನೂರರಲ್ಲಿ ಎರಡು ಉತ್ತರಗಳನ್ನು ಚೀಟಿ ಎತ್ತಿ ಆರಿಸಿ, ಅದೇ ಮಾಡೆಲನ್ನು ಗಂಟೆ ಬಾಡಿಗೆಯ ಯಂತ್ರದಲ್ಲಿ ಹಾಕಿ, ನಾನು ಮೇಲೆ ಹೇಳಿದ ಮೌಲ್ಯಮಾಪನ ಮಾಡಿಸಿ. ಅಕ್ಕನ ಮಗನಿಗೆ ಒಂದು ವಾರಾಂತ್ಯದ ಕೆಲಸ ಇದು. ಬಿಲ್ಲನ್ನೂ ನೋಡಿ. ತುಣುಕಿನ ಲೆಕ್ಕದಲ್ಲಿ ದುಡ್ಡು ಕೇಳುತ್ತಾರೆ, ಕನ್ನಡದ ಒಂದೇ ಪದ ಹಲವು ತುಣುಕಾಗುತ್ತದೆ. ಮುಕ್ತ ಮಾಡೆಲ್ ಆದರೆ ತುಣುಕು ಎಣಿಸುವ ಪ್ರೋಗ್ರಾಂ ಕೂಡ ಮುಕ್ತವಾಗಿ ಸಿಗುತ್ತದೆ, ನೀವೇ ಎಣಿಸಿ ನೋಡಬಹುದು.

ಗೇಮಿಂಗ್ ಕಂಪ್ಯೂಟರಿನ ಬಗ್ಗೆ ಕೇಳಿದ್ದಿರಿ. ಸೇರಿಸಲಿ, ಕಲಿಯುತ್ತಾನೆ. ಬೆಸ್ಕಾಂ ಬಿಲ್ ಯಾರು ಕಟ್ಟುತ್ತಾರೆ ಅನ್ನುವುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಸಂಬಳ ಸಾಮಾನ್ಯವಾಗಿ ಆ ಜಾಲದ್ದೇ ಕ್ರಿಪ್ಟೊ ಟೋಕನ್‌ನಲ್ಲಿ ಬರುತ್ತದೆ, ಬೆಲೆ ಏರುತ್ತದೆ, ಬೀಳುತ್ತದೆ. ಅಂಥದ್ದನ್ನು ಮಾರಿ ಬಂದ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇಕಡಾ 30 ತೆರಿಗೆ ಇದೆ. ಠೇವಣಿ ಇಡಬೇಕು ಅಂದರೆ ಯಾವ ಕಾರಣಕ್ಕೆ ಮುಟ್ಟುಗೋಲಾಗುತ್ತದೆ ಅನ್ನುವ ಷರತ್ತನ್ನು ನೀವೇ ಓದಿ. ಕರೆಂಟ್ ಹೋಗಿ ಯಂತ್ರ ನಿಂತರೂ ದಂಡ ಹಾಕುವ ಜಾಲಗಳಿವೆ, ನಮ್ಮ ಮಳೆಗಾಲದಲ್ಲಿ ಅದು ಸಣ್ಣ ಮಾತಲ್ಲ. ನಿಮ್ಮ ಕಕ್ಷಿದಾರರ ಫೈಲುಗಳಿರುವ ಯಂತ್ರವನ್ನು ಮಾತ್ರ ಅವನಿಗೆ ಮುಟ್ಟಲು ಕೊಡಬೇಡಿ.

ಆ ಮೂವತ್ತು ಪ್ರಶ್ನೆಗಳಲ್ಲಿ ಮೊದಲನೆಯದಾಗಿ 1-20 ಇರುವ ಪಹಣಿ ಇರಲಿ. ಹೆಸರು, ಸರ್ವೆ ನಂಬರ್ ಬದಲಿಸಿ ಹಾಕಿ. ಒಂದೂವರೆ ಎಕರೆ ಅಂತ ಹೇಳುತ್ತದೆಯೋ ಇಲ್ಲವೋ ನನಗೂ ತಿಳಿಸಿ.